ಪಾಟೀಲ ಡಾಕ್ಟರರ ಎರಡು ಬಗೆಯ ಗುಂಡು

ಮೊನ್ನೆ ಸಂಜೆ ಕರೆಂಟು ಹೋದಾಗ ಹೆಂಡತಿ ಜೇನುಮೇಣದ ಬತ್ತಿಯೊಂದನ್ನು ಹಚ್ಚಿಟ್ಟಳು. "ಎಷ್ಟು ಒಳ್ಳೆ ಸ್ಮೆಲ್ ಅಲ್ವಾ?" ಎಂದಳು. ನಾನೋ ಎದ್ದು ಬತ್ತಿಯಿಂದ ದೂರದ ಕುರ್ಚಿಗೆ ಹೋಗಿ ಕೂತೆ. ಮೇಣಕ್ಕೆ ಹೆದರುವ ಗಂಡಸೂ ಉಂಟೇ ಎಂದು ನೀವು ನಗಬಹುದು. ಪಾಟೀಲ ಡಾಕ್ಟರರ ಜೊತೆ ಒಮ್ಮೆ ಹಂದಿ ಬೇಟೆಗೆ ಹೋಗಿ ಬಂದಿದ್ದರೆ ನಗುತ್ತಿರಲಿಲ್ಲ.

ಕೋವಿಡ್ ವರ್ಷ ಪರದೇಶದ ನಮ್ಮ ಲಾರೆನ್ಸ್‌ವಿಲ್‌ನಲ್ಲಿ ಯಾರ ಮನೆಯೊಳಗೂ ಕಾಲಿಡುವಂತಿರಲಿಲ್ಲ. ಬಾಗಿಲು ತೆರೆದ ಗರಾಜುಗಳಲ್ಲೇ ನಮ್ಮ ಹರಟೆ. ಡಾಕ್ಟರರು ಬಿಜಾಪುರದ ಕಡೆಯವರು, ಮೂಳೆ ತಜ್ಞರು. ಹಗಲು ಜನರ ಮಂಡಿ ಜೋಡಿಸಿ ಬಂದು, ಸಂಜೆ ಗರಾಜಿನಲ್ಲಿ ಸೀಸ ಕರಗಿಸಿ ಅಚ್ಚಿಗೆ ಹೊಯ್ದು, ತಮ್ಮ ರಿವಾಲ್ವರಿಗೆ ತಾವೇ ಗುಂಡು ಮಾಡಿ, ನಳಿಗೆಯಲ್ಲಿ ಸಲೀಸಾಗಿ ಜಾರಲೆಂದು ಅದರ ಮೈಗೆ ಜೇನುಮೇಣ ಸವರುತ್ತಿದ್ದರು. ನಾನು ಮೈಸೂರಿನ ಪುಳಿಚಾರು. ಸೊಳ್ಳೆ ಬ್ಯಾಟು ಬಿಟ್ಟರೆ ಬೇರೆ ಆಯುಧ ಹಿಡಿದವನಲ್ಲ. ಆದರೂ ಅವರ ಪಾಠವೆಲ್ಲ ನನಗೇ.

"ಜಿಂಕಿಗೆ ಮೆತ್ತನ ಸೀಸ ಬೇಕ್ರೀ. ಅದರ ಪಕ್ಕಿ ತೆಳು, ಒಳಗ ಹೋಗಿ ಗುಂಡು ಅರಳತೈತಿ, ಜೀವ ಲಗೂನ ಹೋಗತೈತಿ. ಹಂದಿ ಹಂಗಲ್ಲ. ಭುಜದ ಮ್ಯಾಲೆ ದಪ್ಪ ಚರ್ಮ ಇರತೈತಿ. ಮೆತ್ತಂದು ಹೊಡದ್ರ ಅಲ್ಲೇ ಚಪ್ಪಟಿ ಆಗಿ ಕುಂಡರತೈತಿ. ಅದಕ್ಕ ಸೀಸಕ್ಕ ತವರ ಬೆರಸಿದ ಗಟ್ಟಿ ಮಿಶ್ರಣಾನ ಬೇಕು."

"ಗಾಯ ಆಗಿ ಹಂದಿ ತಪ್ಪಿಸ್ಕೊಂಡ್ರೆ ಅಂಕಲ್?"

"ತಪ್ಪಿಸ್ಕೊಳ್ಳೂದಿಲ್ರೀ. ತಿರುಗಿ ನಿಮ್ಮ ಕಡೆ ಬರತೈತಿ."

ಎರಡೂ ಬಗೆಗೆ ಒಂದೇ ಅಚ್ಚು. ಅದೇ ಚಪ್ಪಟೆ ಮೂಗು, ಅದೇ ಬೂದು ಬಣ್ಣ. ಡಬ್ಬಿ ಮಾತ್ರ ಬೇರೆ ಬೇರೆ.

ಆಮೇಲೊಂದು ವರ್ಷ ಆಯುಧಪೂಜೆ ಬಂತು. ಬೇರೆಯವರು ಕಾರು, ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿದರೆ ಈ ಮನೆಯಲ್ಲಿ ನಿಜವಾದ ಆಯುಧವೇ ಇತ್ತಲ್ಲ! ಡಾಕ್ಟರರ ಹೆಂಡತಿ ಸರೋಜಾ ಆಂಟಿಗೆ ಡಬ್ಬಿಯ ಮುಂದೆ ಆರತಿ ಎತ್ತಿ ಸಮಾಧಾನವಿಲ್ಲ. ಎರಡೂ ಡಬ್ಬಿ ಬಿಚ್ಚಿ, ಗುಂಡುಗಳನ್ನು ಹಿತ್ತಾಳೆ ತಟ್ಟೆಯಲ್ಲಿ ಸುತ್ತು ಸುತ್ತಾಗಿ ನಿಲ್ಲಿಸಿ, ನಡುವೆ ಚೆಂಡುಹೂ ಇಟ್ಟಿದ್ದರು. ನಾವೆಲ್ಲ ಭಕ್ತಿಯಿಂದ ಕೈಮುಗಿದೆವು. ಆಸ್ಪತ್ರೆಯಿಂದ ಬಂದ ಡಾಕ್ಟರರು ತಟ್ಟೆ ನೋಡಿ ನಿಂತೇಬಿಟ್ಟರು.

"ಎರಡೂ ಕೂಡಿಸಿಟ್ಟೀ ಏನು?"

"ಎಲ್ಲಾ ಒಂದ ನಮೂನಿ ಅದಾವಲ್ರೀ. ಛಂದ ಕಾಣಲಿ ಅಂತ ಇಟ್ಟೆ."

ಹಬ್ಬದ ದಿನ ಹೆಂಡತಿಯ ಮುಖ ಸಣ್ಣದಾಗುವುದು ಅವರಿಗೆ ಬೇಕಿರಲಿಲ್ಲ. ಮಾತನ್ನು ಅಲ್ಲಿಗೇ ನುಂಗಿದರು. ಅವರ ಹತ್ತಿರ ಮಂಡಿ ಆಪರೇಷನ್ ಮಾಡಿಸಿಕೊಂಡಿದ್ದ ಸೌತ್ ಕ್ಯಾರೊಲೈನಾದ ರೈತನೊಬ್ಬನ ಶೇಂಗಾ ಹೊಲವನ್ನು ಹಂದಿ ಹಾಳು ಮಾಡುತ್ತಿತ್ತು, ಮರುದಿನ ಬರುತ್ತೇನೆಂದು ಮಾತು ಕೊಟ್ಟಿದ್ದರು. ಗರಾಜಿನಲ್ಲಿ ಕೂತು ಒಂದೊಂದೇ ಗುಂಡಿನ ಮೂಗನ್ನು ಹೆಬ್ಬೆರಳಿನ ಉಗುರಿನಿಂದ ಗೀರಿದರು. ಗೀರು ಬಿದ್ದರೆ ಮೆತ್ತನೆಯದು, ಬೀಳದಿದ್ದರೆ ಗಟ್ಟಿ. ಕೆಲವಕ್ಕೆ ಗಂಧ ಒಣಗಿ ಅಂಟಿತ್ತು.

"ಶ್ಯೂರ್ ಆಗಿ ಗೊತ್ತಾಗತ್ತಾ ಅಂಕಲ್?"

"ಈ ಬೆರಳಿಗೆ ಗೊತ್ತಾಗಲಾರದ್ದು ಏನೈತ್ರೀ?" ಎಂದು ನಕ್ಕರು. ನಾನೂ ನಂಬಿದೆ.

ಮರುದಿನ ನಾನೂ ಅವರ ಜೊತೆ ಆ ಹೊಲಕ್ಕೆ ಹೋದೆ. ಮಧ್ಯಾಹ್ನ ಇಳಿಯುತ್ತಿತ್ತು. ಪೈನ್ ಮರಗಳ ಅಂಚಿನಿಂದ ಹಂದಿ ಹೊರಬಂತು. ನಾನು ಡಾಕ್ಟರರ ಬೆನ್ನ ಹಿಂದೆ ನಿಂತಿದ್ದೆ, ಅವರ ಕೈಯ ಜೇನುಮೇಣದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅವರು ಭುಜಕ್ಕೇ ಗುರಿಯಿಟ್ಟು ಹೊಡೆದರು. ಹಂದಿ ಮುಗ್ಗರಿಸಿತು. ಸತ್ತಿತು ಅಂದುಕೊಂಡೆ. ಎದ್ದಿತು. ತಿರುಗಿತು. ನೇರ ನಮ್ಮ ಕಡೆಗೇ ಬಂತು. ಓಡಬೇಕೆಂದು ತಲೆ ಹೇಳುತ್ತಿತ್ತು, ಕಾಲು ಕೇಳಲಿಲ್ಲ. ಡಾಕ್ಟರರು ಮಾತ್ರ ಕದಲಲಿಲ್ಲ. ಎರಡನೆಯ ಗುಂಡಿಗೆ ಅದು ಅವರ ಬೂಟಿನ ಹತ್ತಿರವೇ ಬಂದು ಬಿತ್ತು.

ಆಮೇಲೆ ಚಾಕು ಹಾಕಿ ಮೊದಲ ಗುಂಡನ್ನು ಭುಜದ ಚರ್ಮದಿಂದ ತೆಗೆದರು. ಅಪ್ಪಚ್ಚಿಯಾಗಿತ್ತು. ಜಿಂಕೆಗೆಂದು ಮಾಡಿದ ಮೆತ್ತನೆಯ ಗುಂಡು. ಅದನ್ನು ಹೆಬ್ಬೆರಳಿನ ಉಗುರಿನಿಂದ ಮತ್ತೊಮ್ಮೆ ಗೀರಿ ನೋಡಿದರು. "ನಿಮಗೇನಾರ ಆಗಿದ್ರ ನಿಮ್ಮ ಹೆಂಡ್ತಿಗೆ ನಾ ಏನಂತ ಹೇಳ್ತಿದ್ದೆ?" ಎಂದು ಮತ್ತೆ ಮತ್ತೆ ಅಂದರು. ಮನೆ ಹತ್ತಿರ ಬಂದಾಗ, "ಸರೋಜಾಗ ಹೇಳಬ್ಯಾಡ್ರಿ. ತಟ್ಟಿ ಇಟ್ಟಾಕಿ ತಾನು ಅಂತ ಜೀವನಪೂರ್ತಿ ಕೊರಗ್ತಾಳ" ಎಂದರು. ನಾನು ಹೂಂ ಅಂದೆ, ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ನಿನ್ನೆ ಆಂಟಿಯೇ ಫೋನ್ ಮಾಡಿದರು. "ಶನಿವಾರ ಇವರು ಮತ್ತ ಹಂದಿಗೆ ಹೊಂಟಾರ್ರೀ. ಒಬ್ಬರ ಹೊಂಟಾರ, ಯಾರ್ನೂ ಕರಕೊಂಡು ಹೋಗಾಂಗಿಲ್ಲಂತ. ನೀವರ ಜೋಡಿ ಹೋಗ್ರಿ. ಹಿಂದಕ ನೀವು ಇದ್ರಿ ಅಂತ ನನಗ ಚಿಂತೀನ ಇರಲಿಲ್ಲ."

ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ ಎಂದರೆ ಮತ್ತೊಬ್ಬರ ಜೀವಕ್ಕೆ ಕುತ್ತು ತರಲಾರೆ ಎಂದರ್ಥ, ಅದು ನನಗೊಬ್ಬನಿಗೇ ಗೊತ್ತಿತ್ತು. ತಡೆಯಲಾಗಲಿಲ್ಲ. ತಟ್ಟೆಯ ವಿಷಯವೊಂದನ್ನು ಬಿಟ್ಟು, ತಪ್ಪು ಗುಂಡು ಸೇರಿಕೊಂಡಿದ್ದನ್ನೂ ಹಂದಿ ತಿರುಗಿ ಬಂದದ್ದನ್ನೂ ನನ್ನ ಕಾಲು ಕೇಳದಿದ್ದುದನ್ನೂ ಹೇಳಿಬಿಟ್ಟೆ.

ಆ ಕಡೆ ಆಂಟಿ ದಿನ ಎಣಿಸಿದರು.

"ಅದು ನಾ ತಟ್ಟಿ ಇಟ್ಟ ಆಯುಧಪೂಜಿ ಮರುದಿನ ಅಲ್ಲೇನ್ರೀ?" ಎಂದರು.

ಶನಿವಾರ ಅಂಕಲ್ ಎಷ್ಟು ಹೊತ್ತಿಗೆ ಹೊರಡುತ್ತಾರೆ ಎಂದು ನಾನು ಕೇಳಿದೆ.