ಎದುರುಮನೆಯವರ ಅಮೆರಿಕದ ಕೋರ್ಟು

ಮೊನ್ನೆ ನಿಮ್ಮಲ್ಲಿ ಚಿಕ್ಕವಳಿಗೆ ಗಂಟಲು ಕಟ್ಟಿತ್ತಲ್ಲ, ಅವಳು ಬಾಯಿಗೆ ಹಾಕಿಕೊಂಡ ನೀಲಗಿರಿ ಮಿಠಾಯಿಯ ವಾಸನೆ ಅಡುಗೆಮನೆಯವರೆಗೂ ಬಂತು. ನಾನು ಸೌಟು ಹಿಡಿದು ಹಾಗೇ ನಿಂತುಬಿಟ್ಟೆ. ಏನಾಯ್ತು ಅಜ್ಜಿ ಎಂದು ಕೇಳಿದಿರಿ. ಏನಿಲ್ಲ ಎಂದೆ. ಎದುರಿಗೆ ಕೂತು ಹೇಳಲು ನನಗೆ ಬರುವುದಿಲ್ಲ. ಬರೆದಿಡುತ್ತೇನೆ, ನಿಮ್ಮಮ್ಮ ಓದಿ ಹೇಳಲಿ.

ಅದು ನಮ್ಮ ಎದುರುಮನೆಯವರ ವಾಸನೆ. ಆಗ ನಾವು ಡಚ್ಚರ ಈ ದೇಶದಲ್ಲೇ, ಜೂಟರ್‌ಮೀರ್ ಎಂಬ ಊರಿನಲ್ಲಿದ್ದೆವು. ಮೂರನೇ ಮಹಡಿಯಲ್ಲಿ ನಮ್ಮ ಬಾಗಿಲು, ಎದುರಿಗೆ ಅವರ ಬಾಗಿಲು. ಮೈಸೂರಿನವರು. ಅಮೆರಿಕದಲ್ಲಿ ಬಹಳ ವರ್ಷ ಇದ್ದು, ಕಂಪನಿ ಕಳಿಸಿತೆಂದು ಇಲ್ಲಿಗೆ ಬಂದಿದ್ದರು. ನಿಮ್ಮ ತಾತನಿಗೆ ಆಫೀಸಿನಲ್ಲಿ ಮೇಲಿನವರು. ಹೆಂಡತಿ ಅಮೆರಿಕದಲ್ಲೇ ಉಳಿದಿದ್ದರಿಂದ ಭಾನುವಾರದ ಊಟ ನಮ್ಮಲ್ಲಿ. ಮಾತಾಡಿ ಮಾತಾಡಿ ಗಂಟಲು ಒಣಗುತ್ತಿತ್ತೋ ಏನೋ, ಬಾಯಲ್ಲಿ ಸದಾ ಆ ಮಿಠಾಯಿ.

ಮಾತೆಂದರೆ ಅಮೆರಿಕದ್ದೇ. ಅಲ್ಲಿನ ರೇಡಿಯೋದಲ್ಲಿ ಯಾರೋ ಒಬ್ಬರು ದಿನವೂ ಗಂಟೆಗಟ್ಟಲೆ ರಾಜಕೀಯ ಮಾತಾಡುತ್ತಿದ್ದರಂತೆ. ಅದನ್ನು ಅವರ ಮೈದುನ ಕ್ಯಾಸೆಟ್ಟಿಗೆ ತುಂಬಿ ಅಂಚೆಯಲ್ಲಿ ಕಳಿಸುತ್ತಿದ್ದ. ವಾರವೆಲ್ಲ ಅದನ್ನು ಕೇಳಿ, ಭಾನುವಾರ ನಮ್ಮ ಸೋಫಾದ ಮೇಲೆ ಕೂತು ಒಪ್ಪಿಸುತ್ತಿದ್ದರು. ಅಧ್ಯಕ್ಷನಿಗೆ ಮಾನವಿಲ್ಲ, ತೆರಿಗೆಯ ದುಡ್ಡೆಲ್ಲ ಸೋಮಾರಿಗಳ ಪಾಲು, ನ್ಯಾಯಾಧೀಶರು ಸಂವಿಧಾನದಲ್ಲಿ ಬರೆದಿರುವುದನ್ನು ಓದುವುದು ಬಿಟ್ಟು ತಮಗೆ ಬೇಕಾದದ್ದನ್ನು ಬರೆಯುತ್ತಾರೆ... ಅಲ್ಲಿನ ಸುಪ್ರೀಂ ಕೋರ್ಟಿನಿಂದ ಒಳ್ಳೆಯ ತೀರ್ಪು ಬಂದರೆ ಅದು 'ನಮ್ಮ ಕೋರ್ಟು'. ಬೇಡದ್ದು ಬಂದರೆ ಅಲ್ಲಿನ ನ್ಯಾಯಾಧೀಶರು 'ಆ ಒಂಬತ್ತು ಜನ'.

"ಅದು ನಿಮ್ಮ ಕೋರ್ಟು ಹೆಂಗಾಗತ್ತೆ ಸಾರ್? ನೀವು ಕೂತಿರೋದು ನನ್ನ ಸೋಫಾ ಮೇಲೆ," ಎಂದು ನಿಮ್ಮ ತಾತ ರೇಗಿಸುತ್ತಿದ್ದರು. ಅವರಿಗೆ ಅದೊಂದು ತಮಾಷೆ. ನನಗೆ ಮೊದಲಿನಿಂದಲೂ ಆ ಮನುಷ್ಯ ಸೇರುತ್ತಿರಲಿಲ್ಲ. ಉಣ್ಣುವಾಗಲೂ ಎದುರಿಗಿರುವವರ ಮುಖ ನೋಡುತ್ತಿರಲಿಲ್ಲ. ಹುಳಿಗೆ ಉಪ್ಪು ಹಾಕುವುದು ಮರೆತ ದಿನವೂ ಎರಡು ಸಲ ಬಡಿಸಿಕೊಂಡು ಉಂಡರು. ನಾನು ಕಾಫಿ ಇಟ್ಟು ಒಳಗೆ ಹೋಗುತ್ತಿದ್ದೆ. ಅವರೊಡನೆ ನಾನು ಆಡಿದ್ದು ಬೆರಳೆಣಿಕೆಯ ಮಾತು.

ಒಂದು ಬೇಸಿಗೆಯಲ್ಲಿ ಅವರ ಕೋರ್ಟಿನಿಂದ ಅವರಿಗೆ ಬಲು ಇಷ್ಟವಾದ ತೀರ್ಪು ಬಂತು. ಸಾಯಲು ವೈದ್ಯರ ಸಹಾಯ ಕೇಳುವುದು ಯಾರ ಹಕ್ಕೂ ಅಲ್ಲ ಎಂಬ ತೀರ್ಪು. ಅಲ್ಲಿಂದ ಮುಂದೆ ಎಷ್ಟೋ ಭಾನುವಾರ ಅದೇ ಪಾರಾಯಣ. ಈ ದೇಶದಲ್ಲಿ ರೋಗಿ ಕೇಳಿದರೆ ವೈದ್ಯರೇ ಸೂಜಿ ಚುಚ್ಚಿ ಕಳಿಸುತ್ತಾರೆ, ಯಾರೂ ಅವರನ್ನು ಜೈಲಿಗೆ ಹಾಕುವುದಿಲ್ಲ, ಇನ್ನು ಸ್ವಲ್ಪ ದಿನಕ್ಕೆ ಕೇಳದವರನ್ನೂ ಕಳಿಸುತ್ತಾರೆ ಎನ್ನುತ್ತಿದ್ದರು. ನಮಗೇನು ಸಂಬಂಧ?

ಮಾರನೆಯ ವರ್ಷ ನಿಮ್ಮ ತಾತನಿಗೆ ಕ್ಯಾನ್ಸರ್ ಎಂದು ತಿಳಿಯಿತು. ತಿಳಿಯುವಷ್ಟರಲ್ಲಿ ಮೈಯೆಲ್ಲ ಹರಡಿತ್ತು. ವಿಮಾನದಲ್ಲಿ ಕೂರುವ ಶಕ್ತಿ ಇರಲಿಲ್ಲ. ನಿಮ್ಮಮ್ಮ ಮೈಸೂರಿನ ಹಾಸ್ಟೆಲಿನಲ್ಲಿದ್ದಳು, ವೀಸಾ ಇನ್ನೂ ಬಂದಿರಲಿಲ್ಲ. ಹೌಸಾರ್ಟ್ಸ್ ಎಂದು ಇಲ್ಲಿ ಕರೆಯುತ್ತೀರಲ್ಲ, ನಮ್ಮ ಬಡಾವಣೆಯ ವೈದ್ಯರು, ಅವರೇ ಸೈಕಲ್ಲಿನಲ್ಲಿ ಮನೆಗೆ ಬಂದು ನೋಡುತ್ತಿದ್ದರು. ಎತ್ತರದ, ಮೆತ್ತಗೆ ಮಾತಾಡುವ ಮನುಷ್ಯ. ಒಂದು ದಿನ ಮಂಚದ ಅಂಚಿನಲ್ಲಿ ಕೂತು ಇಂಗ್ಲಿಷಿನಲ್ಲಿ ಕೇಳಿದರು: ನಿಮ್ಮ ಕೊನೆ ಹೇಗಿರಬೇಕು ಎಂದು ಯೋಚಿಸಿದ್ದೀರಾ?

ಇಲ್ಲಿಯವರಿಗೆ ಅದು ಮರ್ಯಾದೆಯ ಪ್ರಶ್ನೆ. ರೋಗಿಯನ್ನು ಮುಚ್ಚುಮರೆಯಿಲ್ಲದೆ ಕೇಳುವುದೇ ಗೌರವ. ಅದು ಈಗ ನನಗೆ ಗೊತ್ತು. ನಮ್ಮ ಕಡೆ ಸಾಯುವವರ ಮುಂದೆ ಸಾವಿನ ಮಾತೆತ್ತುವವರು ಉಂಟೇ? ನಾಳೆ ಏಳುತ್ತೀರಿ, ನಾಡಿದ್ದು ನಡೆಯುತ್ತೀರಿ ಎನ್ನುತ್ತೇವೆ. ನಿಮ್ಮ ತಾತ ಬಿಳಿಚಿಕೊಂಡರು.

ಸಂಜೆ ಬಂದ ಎದುರುಮನೆಯವರಿಗೆ ಅದನ್ನು ಹೇಳಿದರು. ಅವರ ಮುಖದಲ್ಲಿ ಆಗ ಬಂದ ಕಳೆ ನನಗೆ ಇವತ್ತಿಗೂ ಮರೆಯದು. ಮರುಕವಲ್ಲ, ತಾನು ಗೆದ್ದೆ ಎನ್ನುವ ಕಳೆ.

"ನಾನು ಹೇಳಿರಲಿಲ್ವಾ? ಶುರುವಾಗೋದೇ ಹಿಂಗೆ. ಮೊದಲು ಕೇಳ್ತಾರೆ, ಆಮೇಲೆ ಡೋಸ್ ಏರಿಸ್ತಾರೆ. ಹುಷಾರಾಗಿರಿ."

ಮಾರನೆಯ ವಾರ ನೋವು ಹೆಚ್ಚಿತು. ವೈದ್ಯರು ಮಾರ್ಫಿನ್ ಕೊಡುತ್ತೇನೆಂದರು. ಇದೇ ಆ ಡೋಸು ಎಂದುಕೊಂಡು ನಿಮ್ಮ ತಾತ ಬೇಡವೆಂದು ತಲೆಯಾಡಿಸಿದರು. ವೈದ್ಯರು ಔಷಧಿಯನ್ನು ಮಂಚದ ಪಕ್ಕ ಇಟ್ಟು ಎಷ್ಟು ಹೇಳಿದರೂ ಕೇಳಲಿಲ್ಲ. ಹೇಳಿದಷ್ಟೂ ಅನುಮಾನವೇ ಹೆಚ್ಚಿತು. ನಾನು ಅತ್ತೆ. ನಿನಗೆ ಗೊತ್ತಾಗಲ್ಲ ಸುಮ್ಮನಿರು ಎಂದರು. ದಿಂಬಿನ ಚೀಲವನ್ನು ಹಲ್ಲಿನಿಂದ ಕಚ್ಚಿ ಹಿಡಿದು ಮಲಗಿರುತ್ತಿದ್ದರು. ಹದಿನೈದು ದಿನ... ಅದನ್ನು ಇದಕ್ಕಿಂತ ಹೆಚ್ಚು ಬರೆಯಲಾರೆ.

ಒಂದು ಮಧ್ಯಾಹ್ನ ನಾನು ಎದುರು ಬಾಗಿಲು ತಟ್ಟಿದೆ. ಒಳಗೆ ಕ್ಯಾಸೆಟ್ಟಿನಲ್ಲಿ ಯಾರೋ ಇಂಗ್ಲಿಷಿನಲ್ಲಿ ಕೂಗಾಡುತ್ತಿದ್ದರು.

"ನಿಮ್ಮ ಕೋರ್ಟು ನೋವಿಗೆ ಔಷಧಿ ಕೊಡಬೇಡಿ ಅಂದಿದೆಯಾ?"

"ಅದು ಹಾಗಲ್ಲಮ್ಮ, ವಿಷಯ ಸ್ವಲ್ಪ ದೊಡ್ಡದು..."

"ಅಂದಿದೆಯೋ ಇಲ್ವೋ, ಅಷ್ಟು ಹೇಳಿ."

ಅವರು ಒಳಗೆ ಹೋಗಿ ಕ್ಯಾಸೆಟ್ ನಿಲ್ಲಿಸಿ ಬಂದರು.

"ಇಲ್ಲ. ನೋವಿಗೆ ಕೊಡಬಹುದು. ಅದು ಬೇರೆ, ಸಾಯಿಸೋದು ಬೇರೆ ಅಂತ ಅಲ್ಲೇ ಬರೆದಿದ್ದಾರೆ."

"ನಿಮಗೆ ಮೊದಲೇ ಗೊತ್ತಿತ್ತಾ?"

"ಓದಿದ್ದೆ."

"ಹಾಗಾದ್ರೆ ಬನ್ನಿ. ಬಂದು ಅವರಿಗೆ ಹೇಳಿ."

ಸಂಜೆ ಬರುತ್ತೇನೆ ಎಂದರು. ನಾನು ಹೊಸ್ತಿಲು ಬಿಟ್ಟು ಅಲ್ಲಾಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಂದರು.

ಮಂಚದ ಹತ್ತಿರ ನಿಂತು ಈ ದೇಶದ ಕಾನೂನಿನಿಂದ ಶುರುಮಾಡಿದರು. ಅಷ್ಟನ್ನೇ ಹೇಳಿ ಎಂದೆ. ಔಷಧಿ ತೆಗೆದುಕೊಳ್ಳಿ, ಅದು ನೋವಿಗೆ ಕೊಡುವುದು, ತಾನು ಹೇಳಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ನಿಮ್ಮ ತಾತ ಕಚ್ಚಿದ್ದ ದಿಂಬಿನ ಚೀಲವನ್ನು ಬಾಯಿಂದ ಬಿಟ್ಟರು.

"ನಿಮ್ಮ ಕೋರ್ಟು ಒಪ್ಪಿದೆಯಾ ಸಾರ್?"

"ಒಪ್ಪಿದೆ."

"ಹಂಗಾದ್ರೆ ಸರಿ," ಎಂದು ನನ್ನ ಕಡೆ ನೋಡಿ ಬಾಯಿ ತೆರೆದರು.

ಅಂದು ನಿದ್ದೆ ಬಂತು. ಮರುದಿನ ಸಾರನ್ನ ಕೇಳಿದರು. ನಿಮ್ಮಮ್ಮನೊಡನೆ ಫೋನಿನಲ್ಲಿ ಪರೀಕ್ಷೆಯ ಬಗ್ಗೆ ಮಾತಾಡಿದರು, ಬೈದರು ಕೂಡ. ವೀಸಾ ಸಿಕ್ಕಿ ಅವಳು ಬಂದಳು. ಅವಳ ಕೈಯಲ್ಲಿ ಕೈಯಿಟ್ಟುಕೊಂಡೇ ಒಂದು ಬೆಳಗ್ಗೆ ಹೋದರು.

ಎದುರುಮನೆಯವರು ಚಿತಾಗಾರಕ್ಕೆ ಬಂದಿದ್ದರು. ನಾನು ಮುಖ ತಿರುಗಿಸಿದೆ. ಆಮೇಲೆ ಅಮೆರಿಕಕ್ಕೆ ವಾಪಸ್ಸು ಹೋದರು. ಅವರು ಸುಳ್ಳು ಹೇಳುವವರಲ್ಲ. ಸುಳ್ಳು ಹೇಳಿದ್ದರೆ ಮರೆಯಬಹುದಿತ್ತು. ತೀರ್ಪನ್ನು ಪೂರ್ತಿ ಓದಿ, ವಾದಕ್ಕೆ ಬೇಕಾದ ಅರ್ಧವನ್ನು ಮಾತ್ರ ನಮ್ಮ ಮನೆಗೆ ತಂದರು.

ಕಳೆದ ವರ್ಷ ಅವರು ತೀರಿಕೊಂಡರಂತೆ. ನಿಮ್ಮಮ್ಮ ತಾತನ ಆಫೀಸಿನ ಹಳಬರೊಬ್ಬರಿಂದ ಕೇಳಿ ಬಂದು ಹೇಳಿದಳು. ಅವರಿಗೂ ಕ್ಯಾನ್ಸರ್. ತುಂಬ ನೋವಿತ್ತಂತಾ ಎಂದು ಕೇಳಿದೆ. ಇಲ್ಲವಂತೆ, ಮೊದಲಿನಿಂದಲೂ ಮಾರ್ಫಿನ್ ಕೊಡುತ್ತಿದ್ದರಂತೆ, ಆರಾಮವಾಗಿ ಹೋದರಂತೆ ಎಂದಳು. ಒಳ್ಳೆಯದಾಯಿತು ಎಂದೆ. ಆ ಮಾತು ಮನಸ್ಸಿನಿಂದಲೇ ಬಂತು, ಅಂಥ ನೋವು ಯಾರಿಗೂ ಬೇಡ. ಅವರ ಮನೆಗೆ ಫೋನು ಮಾಡೋಣವೇ ಎಂದು ಕೇಳಿದಳು. ನೀನು ಬೇಕಾದರೆ ಮಾಡು ಎಂದು ಎದ್ದು ಬಂದೆ.

ನಿಮ್ಮ ತಾತನ ಆ ಹದಿನೈದು ದಿನವನ್ನು ಯಾರ ಹತ್ತಿರ ವಾಪಸ್ಸು ಕೇಳಲಿ ಎಂದು ಇವತ್ತಿಗೂ ನನಗೆ ತಿಳಿದಿಲ್ಲ.