ಬ್ಯುರೆಟ್ ಹಿಡಿಯದ ಕೈ

ಅನೀಸಾ ಮೇಡಂ ದಾಂಡೇಲಿಯ ನಮ್ಮ ಡಿಗ್ರಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಬಂದು ಹೋಗುವವರು ಅಂದುಕೊಳ್ಳಬೇಡಿ. ಮಿಲ್ ಕಾರ್ಮಿಕನ ಈ ಮಗಳು ಇಲ್ಲೇ ಪಾಠ ಮಾಡುತ್ತ ತಲೆ ಬೆಳ್ಳಗೆ ಮಾಡಿಕೊಂಡಿದ್ದಾರೆ. ಪಕ್ಕದ ಕೋಣೆಯಲ್ಲಿ ಸಸ್ಯಶಾಸ್ತ್ರ ಹೇಳುವ ನನಗೆ ಅವರ ಸಿಟ್ಟೂ ಗೊತ್ತು, ಸುಸ್ತೂ ಗೊತ್ತು. ಈಚೀಚೆಗೆ ಸುಸ್ತೇ ಹೆಚ್ಚು.

ವಿಜ್ಞಾನ ಎಲ್ಲರಿಗೂ ಸಿಗಬೇಕು ಎಂಬ ಭಾಷಣ ನಮ್ಮಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಆಗುತ್ತದೆ. ಬ್ಯಾನರ್ ಕಟ್ಟುತ್ತೇವೆ, ಚಹಾ ಕುಡಿಯುತ್ತೇವೆ, ಬ್ಯಾನರ್ ಬಿಚ್ಚುತ್ತೇವೆ. ಲ್ಯಾಬಿನಲ್ಲಿ ಮಾತ್ರ ಒಂದು ಗುಂಪಿಗೆ ಒಂದೇ ಬ್ಯುರೆಟ್. ದ್ರಾವಣವನ್ನು ಹನಿಹನಿಯಾಗಿ ಬಿಡುವ ಆ ಉದ್ದನೆಯ ಗಾಜಿನ ನಳಿಕೆ ಮೊದಲು ಬಂದವರ ಪಾಲು. ಪ್ರಾಕ್ಟಿಕಲ್ ಒಂಬತ್ತಕ್ಕೆ ಶುರು, ಕಾಡಿನ ಕಡೆಯ ಜೊಯಿಡಾ ಬಸ್ಸು ಬರುವುದು ಅದು ಶುರುವಾದ ಮೇಲೆ. ಹೀಗಾಗಿ ಊರಿನ ಹುಡುಗರು ಬ್ಯುರೆಟ್ ಹಿಡಿಯುತ್ತಿದ್ದರು, ಜೊಯಿಡಾದ ಹುಡುಗಿಯರು ಅಂಕಿ ಬರೆದುಕೊಳ್ಳುತ್ತಿದ್ದರು. ಅವರ ಬೆರಳಿಗೆ ಪರ್ಮಾಂಗನೇಟ್ ಎಂಬ ನೇರಳೆ ದ್ರಾವಣ ಬಿಡುವ ಕಂದು ಕಲೆ, ಇವರ ಬೆರಳಿಗೆ ಪೆನ್ನಿನ ಮಸಿ. ಯಾರೂ ಮಾಡಿದ ಕಾನೂನಲ್ಲ. ಅದಕ್ಕೇ ಯಾರಿಗೂ ತಪ್ಪೆನಿಸಿರಲಿಲ್ಲ.

ಸ್ವಪ್ನಾ ಹಾಗೆ ಬರೆಯುತ್ತಿದ್ದವಳು. ಜೊಯಿಡಾದಿಂದಲೂ ಒಳಗಿನ ಹಳ್ಳಿಯ, ಕಾಡಿನಂಚಿನ ಕುಣಬಿ ಸಮುದಾಯದ ಹುಡುಗಿ. ಮನೆಮಾತು ಅಮ್ಮನನ್ನು ಆಯಿ ಎನ್ನುವ ಕೊಂಕಣಿ, ಶಾಲೆಯಲ್ಲಿ ಕಲಿತದ್ದು ಕನ್ನಡ, ಇಲ್ಲಿ ಬಂದ ಮೇಲೆ ತಲೆಯ ಮೇಲೆ ಬಿದ್ದದ್ದು ಇಂಗ್ಲಿಷ್. ತನ್ನ ಕಡೆಯ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಹೋಗಬೇಕೆಂಬುದೊಂದೇ ಆಸೆ. ಅಕ್ಷರ ಬಲು ಚೆಂದ. ತಡವಾಗಿ ಬಂದು ಬಾಗಿಲಲ್ಲಿ ಮುದುಡಿ ನಿಲ್ಲುವವಳಿಗೆ ಒಂದು ಕೆಲಸವಾದರೂ ಇರಲಿ ಎಂದು ಗುಂಪಿನ ಬರವಣಿಗೆಯನ್ನು ಅನೀಸಾ ಮೇಡಮ್ಮೇ ಅವಳಿಗೆ ವಹಿಸಿದ್ದರು. ಕರುಣೆಯಿಂದಲೇ ವಹಿಸಿದ್ದರು.

ಕೊನೆಯ ವರ್ಷ, ಪರೀಕ್ಷೆ ಹತ್ತಿರ ಬಂದಾಗ ಮೇಡಂ ಒಬ್ಬೊಬ್ಬರನ್ನೇ ನಿಲ್ಲಿಸಿ ಪ್ರಯೋಗ ಮಾಡಿಸಿದರು. ಸ್ವಪ್ನಾ ಬ್ಯುರೆಟ್ಟಿನ ಮುಂದೆ ಸುಮ್ಮನೆ ನಿಂತಳು.

“ಹಿಡಿಯವ್ವಾ, ಯಾಕ ನಿಂತಿ?”

“ಹೆಂಗ ಹಿಡೀಬೇಕ್ರಿ ಮೇಡಂ? ನಾ ಒಮ್ಮೆನೂ ಹಿಡದಿಲ್ಲ.”

ಆ ದಿನ ಮೇಡಂ ಊಟದ ಡಬ್ಬಿ ತೆರೆಯಲಿಲ್ಲ. “ನಾನ ಆಕೀನ್ನ ಬರಕೊಳ್ಳೂ ಕಾರಕೂನ ಮಾಡಿ ಕುಂದ್ರಿಸಿದ್ನೆಲ್ರಿ,” ಎಂದರು. ಕೊನೆಯ ಪ್ರಾಕ್ಟಿಕಲ್‌ನಲ್ಲಿ ಎಲ್ಲರೂ ಒಬ್ಬೊಬ್ಬರೇ ಮಾಡಬೇಕು. ಅದರಲ್ಲಿ ಬಿದ್ದರೆ ಟೀಚರ್ ಆಸೆಯೂ ಬಿದ್ದಂತೆ.

ಮರುದಿನದಿಂದ ಜೊಯಿಡಾ ಬಸ್ಸು ಬಂದ ಮೇಲೇ ಪ್ರಾಕ್ಟಿಕಲ್, ಕೊನೆಗೆ ಬಂದವರ ಕೈಗೇ ಮೊದಲು ಬ್ಯುರೆಟ್. ಊರಿನ ಹುಡುಗ ಲೋಕೇಶ ಮುಖ ಊದಿಸಿಕೊಂಡ. ಅವನ ಅಪ್ಪ ಬಂದು ಕೂಗಾಡಿ ಹೋದರು. ವಿಭಾಗದ ಮುಖ್ಯಸ್ಥ ಚನಬಸಪ್ಪ ಸರ್ ಕೆಟ್ಟವರಲ್ಲ, ರಗಳೆ ಬೇಡದವರು.

“ಸುಮ್ನ ಯಾಕ ಮೈಮ್ಯಾಲ ಎಳಕೊಂತೀರಿ ಮೇಡಂ? ಮುಂದಿನ ವರ್ಷ ನಿಮ್ಮನ್ನ ತಗೋಳೂದು ಬ್ಯಾಡ ಅಂದ್ರ ಏನ್ ಮಾಡ್ತೀರಿ?”

“ಅನ್ಲಿ ಬಿಡ್ರಿ ಸರ್. ನನಗೂ ಸಾಕಾಗೇತಿ. ಈ ಪರೀಕ್ಷಾ ಒಂದ್ ಮುಗೀಲಿ.”

ಪರೀಕ್ಷೆ ಬಸ್ಸಿಗೆ ಕಾಯುವುದಿಲ್ಲ. ಹಿಂದಿನ ಸಂಜೆಯೇ ಮೇಡಂ ಸ್ವಪ್ನಾಳನ್ನು ತಮ್ಮ ಮನೆಗೆ ಕರೆದೊಯ್ದು ಇಟ್ಟುಕೊಂಡರು. ಬೆಳಿಗ್ಗೆ ಲ್ಯಾಬಿನಲ್ಲಿ ಮೊದಲ ಸಲಕ್ಕೇ ಅವಳು ಬ್ಯುರೆಟ್ಟಿನ ತಿರುಪು ಹೆಚ್ಚು ತಿರುಗಿಸಿ, ಪರ್ಮಾಂಗನೇಟು ಸರ್ರನೆ ಇಳಿದು ಎಲ್ಲ ಕಡುನೇರಳೆಯಾಯಿತು. ಹೇಳಿಕೊಡುವಂತಿಲ್ಲವಾದ್ದರಿಂದ ಮೇಡಂ ಕೈಕಟ್ಟಿ ಗೋಡೆ ನೋಡುತ್ತ ನಿಂತರು. ಹುಡುಗಿ ಅದನ್ನು ಚೆಲ್ಲಿ, ತೊಳೆದು, ಮತ್ತೆ ಹನಿ ಬಿಟ್ಟಳು. ಈ ಸಲ ಬರಬೇಕಾದ ತೆಳು ಗುಲಾಬಿ ಬಣ್ಣವೇ ಬಂದು ನಿಂತಿತು. ಹೊರಗಿನಿಂದ ಬಂದ ಪರೀಕ್ಷಕರು ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಮಾತ್ರ ಅವಳಿಂದ ಉತ್ತರ ಹೊರಡಲಿಲ್ಲ.

“ಕನ್ನಡದಾಗ ಕೇಳ್ರಿ ಸರ್, ಹೇಳ್ತಾಳ,” ಎಂದರು ಮೇಡಂ. ಅವರು ಕೇಳಿದರು. ಅವಳು ಹೇಳಿದಳು.

ಸ್ವಪ್ನಾ ಪಾಸಾದಳು, ಅಂಕ ಅಷ್ಟಕ್ಕಷ್ಟೇ. ಈ ಜೂನಿನಲ್ಲಿ ವೇಳಾಪಟ್ಟಿ ಮತ್ತೆ ಒಂಬತ್ತಕ್ಕೇ ಬಂದು ಕೂತಿದೆ. ಜೊಯಿಡಾ ಬಸ್ಸೂ ಬದಲಾಗಿಲ್ಲ. ಹೇಗೋ ಉಳಿದುಕೊಂಡ ಮೇಡಂ, ಮಂಡಿನೋವಿನಲ್ಲೇ ಮೆಟ್ಟಿಲು ಹತ್ತಿ ಮತ್ತೆ ಚನಬಸಪ್ಪ ಸರ್ ಹತ್ತಿರ ಜಗಳಕ್ಕೆ ಹೊರಟಿದ್ದಾರೆ. ಇನ್ನೂ ಸಾಕಾಗಿಲ್ಲವೇ ಎಂದು ಕೇಳಿದೆ. ಸಾಕಾಗಿ ಹೋಗಿದೆ ಎಂದರು. ಆಮೇಲೆ ಪರೀಕ್ಷೆಯ ದಿನ ಮಧ್ಯಾಹ್ನ ನಡೆದದ್ದನ್ನು ಹೇಳಿದರು.

ಎಲ್ಲರೂ ಹೋದ ಮೇಲೆ ಸ್ವಪ್ನಾ ಲ್ಯಾಬಿನಲ್ಲೇ ನಿಂತಿದ್ದಳಂತೆ, ಬೆರಳೆಲ್ಲ ಕಂದು ಕಲೆ. ಮೇಡಂ ಅರ್ಧ ನಿಂಬೆಹಣ್ಣು ಕೊಟ್ಟು, “ತಿಕ್ಕಿ ತೊಳ್ಕೋ, ಹೋಗ್ತೈತಿ,” ಎಂದರಂತೆ.

ಹುಡುಗಿ ಕೈ ಹಿಂದೆ ಎಳೆದುಕೊಂಡಳು.

“ಬ್ಯಾಡ್ರಿ ಮೇಡಂ. ಮನೀಗೆ ಹೋಗಿ ಆಯಿಗೆ ತೋರಸ್ತೇನಿ.”