ಖಾನಾಪುರಕ್ಕ ನಡೀತೈತಿ

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ಹೋದ ವಾರ ರವಿವಾರ ಪೇಟೆಯಿಂದ ತಂದ ಚೂಪು ಮೂತಿಯ ಸಣ್ಣ ಡಬ್ಬಿ. ಮೂತಿಯನ್ನು ಸೂಜಿಯಿಂದ ಚುಚ್ಚಿದೊಡನೆ ಆ ತೆಳ್ಳನೆಯ ಎಣ್ಣೆಯ ವಾಸನೆ ಕೋಣೆಯಲ್ಲಿ ಹರಡಿತು, ನನ್ನ ಕೈ ಅಲ್ಲೇ ನಿಂತಿತು. ಬೇರೆಯವರಿಗೆ ಅದು ಹೊಲಿಗೆಯ ವಾಸನೆ. ನನಗೆ ಅದು ಬೆಳಗಾವಿಯ ಬಂದೂಕಿನ ಅಂಗಡಿಯೊಂದರ ಹಿಂದಿನ ಕೋಣೆ. ಅಲ್ಲಿ ಕಿಟಕಿಯ ಬೆಳಕಿಗೆ ಬೆನ್ನು ಬಾಗಿಸಿ ಕೂರುತ್ತಿದ್ದ ಮಿಸ್ತ್ರಿ...

ಮಿಸ್ತ್ರಿಯ ಬಗ್ಗೆ ಏಕವಚನದಲ್ಲಿ ಬರೆಯಬೇಕೋ ಬಹುವಚನದಲ್ಲೋ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಎದುರಿಗೆ ಯಾವಾಗಲೂ ‘ಕಾಕಾ, ನೀವು’ ಎಂದೇ ಮಾತಾಡಿದ್ದು. ಮನಸ್ಸಿನೊಳಗೆ ಮಾತ್ರ ಒಂದು ದಿನದಿಂದೀಚೆಗೆ ಅದು ‘ಅವನು’ ಆಯಿತು. ಆ ದಿನದವರೆಗೆ ‘ಅವರು’ ಎಂದು ಬರೆಯುತ್ತೇನೆ. ಅಷ್ಟು ನ್ಯಾಯ ಸಾಕು.

ಮೊದಲು ಅಪ್ಪನ ವಿಷಯ ಹೇಳಬೇಕು. ಖಾನಾಪುರದಲ್ಲಿ ನಮ್ಮದು ಹಂಚಿನ ಭಟ್ಟಿ. ಭಟ್ಟಿ ಬಿಚ್ಚಿದ ದಿನ ಅಪ್ಪ ಸಾಲಿನಿಂದ ಸಾಲಿಗೆ ಹೋಗಿ, ಹಂಚಿನ ಮೂಲೆಯನ್ನು ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ತೂಗುಬಿಟ್ಟು, ಬಲಗೈ ಗೆಣ್ಣಿನಿಂದ ತಟ್ಟುತ್ತಿದ್ದರು. ಸರಿಯಾಗಿ ಬೆಂದ ಹಂಚು ಕಂಚಿನ ಹಾಗೆ ಕೇಳುತ್ತಿತ್ತು. ಒಳಗೆ ಬಿರುಕಿದ್ದರೆ ಬೊದ್ದು, ಮಂಕು ಸದ್ದು. ಬೊದ್ದು ಕೇಳಿದ್ದನ್ನು ಅಲ್ಲೇ ನೆಲಕ್ಕೆ ಕುಕ್ಕಿ ಒಡೆಯುತ್ತಿದ್ದರು. ಏಳೆಂಟು ವರ್ಷದವಳಿದ್ದಾಗಲೇ ನಾನು ಕಣ್ಣು ಮುಚ್ಚಿ ಸದ್ದು ಕೇಳಿ ‘ಪಾಸ್’, ‘ಒಡಿ’ ಎಂದು ಕೂಗುತ್ತಿದ್ದೆ.

“ಒಡೀಬ್ಯಾಡ್ರಿ ಯಜಮಾನ್ರ, ದನದ ಕೊಟ್ಟಿಗಿಗೆ ನಡೀತೈತಿ,” ಎಂದು ಕೆಲಸದವರು ಹೇಳಿದರೆ ಅಪ್ಪ, “ಯಾಕಪಾ, ದನಾ ಬಂದು ನಿನಗ ಹಂಗಂದಾವೇನು?” ಎನ್ನುತ್ತಿದ್ದರು.

ಭಟ್ಟಿಗೆ ಕಟ್ಟಿಗೆ ಬರುತ್ತಿದ್ದದ್ದು ಕಣಕುಂಬಿಯ ಕಡೆಯಿಂದ. ಅಪ್ಪ ಮೋಟಾರ್ ಸೈಕಲ್ಲಿನಲ್ಲಿ ಹೋಗಿ, ಕಾಡಿನ ದಾರಿ ನಡೆದು ಕಟ್ಟಿಗೆ ನೋಡಿ ಬರಬೇಕು. ಕೆಲಸದವರ ಮೇಲ್ವಿಚಾರಕನಾಗಿದ್ದ ನಮ್ಮ ಭಟ್ಟಿಯ ಮುಕಾದಮನ ಮುಖವನ್ನು ಅಲ್ಲಿ ಕರಡಿ ಹರಿದ ಮೇಲೆ, ಬಂದೂಕಿಲ್ಲದೆ ಹೋಗಕೂಡದೆಂದು ಅವ್ವ ಹಟ ಹಿಡಿದಳು. ಉದ್ದ ಬಂದೂಕು ಹೊತ್ತು ಆ ದಾರಿಯಲ್ಲಿ ಗಾಡಿ ನಡೆಸಲಾಗದು ಎಂದು ಅಪ್ಪ ರಿವಾಲ್ವರಿಗೆ ಲೈಸೆನ್ಸ್ ಕೇಳಿದರು. ಬೆಳಗಾವಿಯ ಅಂಗಡಿಯಿಂದ ಹೊಸದೊಂದನ್ನು ತಂದರು. ಹೊರದೇಶದ ಸರಕು, ಕನ್ನಡಿಯಂಥ ಹೊಳಪು. ಹಂಚನ್ನು ತಟ್ಟದೆ ಬಿಡದ ಮನುಷ್ಯ ಅದನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. “ಕ್ಯಾಂಪಿನ ಮಿಲಿಟರಿ ಸಾಹೇಬ್ರು ತಗೊಳ್ಳೂ ಅಂಗಡಿ ಅದು. ನಾ ಏನ್ ನೋಡ್ಲಿ?” ಎಂದರು.

ಅದರ ರಟ್ಟಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಒಂದೇ ಒಂದು ಮರಾಠಿ ಅಕ್ಷರವಿತ್ತು: ಖಾ. ಅಪ್ಪನಿಗೆ ಅದನ್ನು ಕಂಡು ಹಿಗ್ಗು. “ನೋಡ್ರಿಲ್ಲೆ, ನಮ್ಮ ಊರ ಹೆಸರ ಬರದು ತಗದಿಟ್ಟಿದ್ರು!” ಎಂದು ಅವ್ವನಿಗೆ ತೋರಿಸಿದರು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ಮರಾಠಿ ಮಾತಾಡುವ ಊರು ನಮ್ಮದು. ‘ಖಾ’ ಅಂದರೆ ಮರಾಠಿಯಲ್ಲಿ ತಿನ್ನು ಎಂದು. ಅವ್ವ ನಕ್ಕು, “ಊರ ಹೆಸರೋ, ಇಲ್ಲಾ ತಿನ್ನಾಕ ಹೇಳ್ಯಾರೋ?” ಅಂದಳು.

ತಿಂದಿತು. ಎರಡು ಬೆರಳು.

ಭಟ್ಟಿಯ ಹಿಂದೆ ಒಡೆದ ಹಂಚಿನ ರಾಶಿಯಿತ್ತು. ಅದಕ್ಕೆ ಗುರಿಯಿಟ್ಟು ಅಪ್ಪ ಕೈ ಪಳಗಿಸಿಕೊಳ್ಳುತ್ತಿದ್ದರು. ಕಾಲೇಜಿನ ರಜೆಗೆ ಬಂದಿದ್ದ ನಾನು ಹಿತ್ತಲಲ್ಲಿ ಕೂದಲು ಒಣಗಿಸುತ್ತಿದ್ದೆ. ಮೂರು ಸದ್ದು ಒಂದೇ ತರಹ ಬಂದವು. ನಾಲ್ಕನೆಯದು ಬೇರೆ. ಬಿರುಕುಬಿಟ್ಟ ಹಂಚಿನ ಸದ್ದು. ನಾನು ಓಡಿದ್ದು ಕಿರುಚಿದ್ದು ಕೇಳಿ ಅಲ್ಲ, ಆ ಸದ್ದು ಕೇಳಿ. ಗುಂಡು ತುಂಬುವ ಚಕ್ರ ಪಕ್ಕಕ್ಕೆ ಸಿಡಿದು, ಆನಿಕೆ ಕೊಟ್ಟಿದ್ದ ಎಡಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಒಯ್ದಿತ್ತು.

ಅಂಗಡಿಯ ಮಾಲಕ ಪೊಲೀಸರಿಗೆ ಬರೆದುಕೊಟ್ಟ: ಮಾಲಿನಲ್ಲಿ ದೋಷವಿರಲಿಲ್ಲ, ಗಿರಾಕಿ ಖಾಲಿ ಕಾಡತೂಸಿಗೆ ತಾನೇ ಮದ್ದು ತುಂಬಿ ಹಾರಿಸಿದ್ದಾನೆ. ಸಿಡಿದದ್ದನ್ನು ಪೊಲೀಸರು ಒಯ್ದರು, ಲೈಸೆನ್ಸ್ ಹೋಯಿತು. ಅಪ್ಪ ಬರೀ ಅಂಗಡಿಯ ಕಾಡತೂಸನ್ನೇ ಹಾಕಿದ್ದರು. ಆದರೆ ಊರಿನ ಚಹಾದಂಗಡಿಯಲ್ಲಿ ಮಾತು ಬೇರೆಯೇ ಆಯಿತು. “ಹಂಚಿನ ಯಜಮಾನ್ರು ಉಳಿತಾಯ ಮಾಡಾಕ ಹೋಗಿ ಬೆರಳ ಕಳಕೊಂಡ್ರಂತ.” ಆ ನಗು ಬೆರಳಿಗಿಂತ ಹೆಚ್ಚು ನೋಯಿಸಿತು. ಹಂಚನ್ನು ತೂಗುಬಿಟ್ಟು ಹಿಡಿಯಲು ಅಪ್ಪನಿಗೆ ಆಗಲಿಲ್ಲ. ಬೆಳಗಿನ ಪೂಜೆಯಲ್ಲಿ ಎಡ ಅಂಗೈಯ ಮೇಲಿಟ್ಟ ಲಿಂಗ ಬೆರಳಿಲ್ಲದ ಕಡೆಗೆ ಜಾರುತ್ತಿತ್ತು; ಅವ್ವ ಕೈ ಕೆಳಗೆ ಕೈ ಹಿಡಿದು ಕೂರುತ್ತಿದ್ದಳು. ನಾನು ಅದನ್ನು ದಿನಾ ನೋಡಿದೆ. ನೋಡಿ, ಒಂದು ನಿರ್ಧಾರ ಮಾಡಿದೆ. ಯಾರಿಗೂ ಹೇಳಲಿಲ್ಲ.

ಎರಡು ವರ್ಷ ಕಳೆಯಿತು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬೆಳಗಾವಿಯ ಕಾಲೇಜೊಂದಕ್ಕೆ ಪಾಠ ಹೇಳಲು ಸೇರಿದೆ. ಆಗ ಧಾರವಾಡದಲ್ಲಿ ವಕೀಲರಾಗಿದ್ದ ನಮ್ಮ ಸೋದರಮಾವನಿಗೆ ರಿವಾಲ್ವರಿನ ಲೈಸೆನ್ಸ್ ಸಿಕ್ಕಿತು. “ನಾನು ನೋಡಿ ಬರ್ತೀನಿ ಮಾಮಾ,” ಎಂದೆ. ಮಾಮಾ ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಯಾವ ಅಂಗಡಿ ಎಂದು ಕೇಳದೆ ಒಪ್ಪಿಕೊಂಡರು.

ಧಾರವಾಡದ ವಕೀಲರ ಕಡೆಯವಳು ಎಂದಷ್ಟೇ ಹೇಳಿಕೊಂಡೆ. ಮಾಲಕ ಒಳಗೆ ಕೂಗಿದ: “ಮಿಸ್ತ್ರೀ, ಅಕ್ಕಾರು ರಿವಾಲ್ವರ್ ನೋಡಾಕ ಬಂದಾರ. ಗುಂಡ ಯಾವ ಕಡಿಯಿಂದ ಹೊರಗ ಬೀಳತೈತಿ ಅನ್ನೂದರಿಂದ ಶುರು ಮಾಡ್ರಿ!” ಗಿರಾಕಿಗಳು ನಕ್ಕರು. ನಾನು ನಗಲಿಲ್ಲ, ಒಳಗೆ ಹೋದೆ.

ಒಳಗೆ ಕೂತಿದ್ದವರೂ ನಗಲಿಲ್ಲ. ಮಿಸ್ತ್ರಿ ಕಾಕಾ ಸ್ಟೂಲನ್ನು ಬಟ್ಟೆಯಿಂದ ಒರೆಸಿ, “ಕುಂದರ್ರಿ,” ಎಂದರು. ಅರವತ್ತು ದಾಟಿದ ವಯಸ್ಸು, ಎಣ್ಣೆ ಕುಡಿದು ಕಪ್ಪಾದ ಉಗುರು. ನಾನು ಪ್ರಶ್ನೆ ಕೇಳಿದ ರೀತಿ ಅವರಿಗೆ ಹಿಡಿಸಿರಬೇಕು. ಎರಡನೆಯ ಸಲ ಹೋದಾಗ ‘ತಂಗೀ’ ಎಂದರು.

“ಹೊಳಪಿಗೆ ಮರುಳಾಗಬ್ಯಾಡ, ತಂಗೀ. ಹೊಳಪು ಕೊಡಾವ ಬ್ಯಾರೆ, ಕೊರಿಯಾವ ಬ್ಯಾರೆ. ಹೊಳಪು ಮುಟ್ಟದ ಜಾಗಾ ನೋಡು.” ಹಿಡಿಯ ಕಟ್ಟಿಗೆ ಬಿಚ್ಚಿ ಒಳಗಿನ ಉಕ್ಕು ತೋರಿಸಿದರು. ಸ್ಕ್ರೂ ತಲೆಗಳು ಜಜ್ಜಿದ್ದರೆ ಕೂಡಿಸಿದವನಿಗೆ ಅವಸರವಿತ್ತು ಎಂದರ್ಥ. ಖಾಲಿಯಿದೆಯೆಂದು ಎರಡು ಸಲ ನೋಡಿ, ಗುಂಡಿಗೆ ಬಡಿಯುವ ಹಿಂದಿನ ಕುದುರೆಯನ್ನು ಮೆಲ್ಲಗೆ ಎಳೆದರು. ಚಕ್ರ ತಿರುಗಿ ತನ್ನ ಜಾಗದಲ್ಲಿ ಕೂತ ಸದ್ದು ಕುದುರೆ ನಿಲ್ಲುವ ಮೊದಲೇ ಬರಬೇಕು. ಚಕ್ರದಲ್ಲಿ ಗುಂಡು ಕೂರುವ ಆರು ಮನೆಗೂ ಅದೇ ಸದ್ದು. ಬಿಳಿ ಕಾಗದದ ತುಂಡಿನಿಂದ ಬೆಳಕು ಹಾಯಿಸಿ ನಳಿಕೆಯೊಳಗೆ ಇಣುಕಲು ಹೇಳಿದರು: ಚಕ್ರದ ತೂತು ನಳಿಕೆಯ ತೂತಿಗೆ ಸರಿಯಾಗಿ ಕೂತಿದ್ದರೆ ಒಂದೇ ಪೂರ್ಣ ಚಂದ್ರ, ಇಲ್ಲದಿದ್ದರೆ ಅಂಚಿನಲ್ಲಿ ಕಪ್ಪು ಗೆರೆ. ಚಕ್ರಕ್ಕೂ ನಳಿಕೆಗೂ ನಡುವಿನ ಸಂದಿಯನ್ನು ಅಳೆಯಲು ಅವರ ಬಳಿ ಉಕ್ಕಿನ ತೆಳು ಪಟ್ಟಿಗಳಿದ್ದವು, ಒಂದಕ್ಕಿಂತ ಒಂದು ತೆಳ್ಳಗೆ. ಕೊನೆಗೆ ಚಕ್ರವನ್ನೇ ಹೊರತೆಗೆದು, ಮನೆಗಳ ನಡುವಿನ ಗೋಡೆ ಒಂದೇ ದಪ್ಪ ಇದೆಯೇ ಎಂದು ಅಳೆದರು.

ಇದೆಲ್ಲ ಆದ ಮೇಲೆ ಅವರ ಮುಖ್ಯ ಪಾಠ. “ಒಂದ ನೋಡಿದ್ರ ಆ ಒಂದರ ಗುಣಾ ಅಷ್ಟ ಗೊತ್ತಾಗತೈತಿ. ಅದ ಕಂಪನೀದು ಮೂರ ಕೇಳು. ಮೂರೂ ಒಂದ ಥರಾ ಇದ್ರ, ಆ ಕಾರಖಾನ್ಯಾಗ ಯಾರೋ ಒಬ್ಬಾಂವ ಎಚ್ಚರದಾಗ ಅದಾನ. ಮೂರು ಮೂರ್ ಥರಾ ಇದ್ರ ಎಲ್ಲಾರೂ ಮಲಗ್ಯಾರ. ಮಲಗಿದವರ ಕಡಿಯಿಂದ ಚಲೋದ ಬಂದ್ರೂ ತಗೋಬ್ಯಾಡ.”

ಎರಡು ವರ್ಷ ಸೂತ್ರಗಳಲ್ಲಿ ಓದಿದ್ದನ್ನು ಅವರು ಎಣ್ಣೆ ಒರೆಸುತ್ತ ಹೇಳಿ ಮುಗಿಸಿದ್ದರು. ನಾನು ನಾಲ್ಕೈದು ಶನಿವಾರ ಹೋದೆ. ಹೋಗುವುದಕ್ಕೆ ಕಾರಣ ಮಾಲಕನ ಮೇಲಿನ ಹಗೆ. ಅದನ್ನು ಸ್ವಲ್ಪ ಹೊತ್ತು ಮರೆಯುತ್ತಿದ್ದೆ ಎಂಬುದೂ ನಿಜ. ಒಮ್ಮೆ ಕಣ್ಣು ಮುಚ್ಚಿಯೇ, “ನಾಲ್ಕನೇ ಮನೀದು ತಡಾ ಮಾಡಿ ಕುಂತಿತು ಕಾಕಾ,” ಎಂದೆ. ಅವರು ಮತ್ತೆ ಎಳೆದು ನೋಡಿದರು. “ಖರೇ ಐತಿ! ಇಂಥಾ ಕಿವಿ ಯಾರ ಕೊಟ್ರವಾ ನಿನಗ?”

“ನಮ್ಮ ಅಪ್ಪಾರು,” ಎಂದೆ. ಇನ್ನೊಂದು ಮಾತು ನಾಲಿಗೆಯ ತುದಿಗೆ ಬಂದಿತ್ತು...

ಮುಂದಿನ ಶನಿವಾರ ಹೊಸ ಮಾಲು ಬಂದಿತ್ತು. ಅವರು ಒಂದೊಂದನ್ನೇ ಪರೀಕ್ಷಿಸಿ ಪೆಟ್ಟಿಗೆಗೆ ಹಾಕುತ್ತಿದ್ದರು. ಒಂದರ ಚಕ್ರವನ್ನು ಅಳೆದು, ಮತ್ತೊಮ್ಮೆ ಅಳೆದು, ತುಟಿ ಚಪ್ಪರಿಸಿದರು. ಕಿವಿಯ ಹಿಂದಿನ ಪೆನ್ಸಿಲು ತೆಗೆದು ಮುಚ್ಚಳದ ಒಳಗೆ ಒಂದಕ್ಷರ ಬರೆದರು. ಖಾ.

“ಅದು ಖಾನಾಪುರದವರ ಆರ್ಡರೇನ್ರಿ ಕಾಕಾ?” ನನ್ನ ದನಿ ನನಗೇ ದೂರದಿಂದ ಕೇಳಿಸಿತು.

“ಏ, ಆರ್ಡರ್ ಅಲ್ಲವಾ,” ಎಂದು ನಕ್ಕರು. “ಅದು ಅಂಗಡಿ ಭಾಷಾ. ಕ್ಯಾಂಪಿನ ಮಿಲಿಟರಿ ಮಂದಿಗೆ ಎಲ್ಲಾ ತಿಳೀತೈತಿ, ತಿರುಗಿ ತಂದು ಮಾರೀಗಿ ಒಗೀತಾರ. ಅವರಿಗೆ ಕ್ಯಾಂಪ್ ಮಾಲ. ಇಂಥಾದ್ದು ಖಾನಾಪುರಕ್ಕ ನಡೀತೈತಿ. ಅಡವಿ ಮಂದಿ, ವರ್ಷಕ್ಕ ಒಂದೆರಡ ಸಲ ಹಾರಿಸಿದ್ರ ಹೆಚ್ಚು.”

ಆ ನಗು ಮುಗಿಯುವ ಮೊದಲೇ ಅವರು ‘ಅವನು’ ಆದರು.

ಅದೇ ವಾರ ಖಾನಾಪುರಕ್ಕೆ ಹೋಗಿ, ಅವ್ವ ಸೂಜಿ ದಾರ ಇಟ್ಟುಕೊಂಡಿದ್ದ ಆ ರಟ್ಟಿನ ಪೆಟ್ಟಿಗೆ ತಂದೆ. ಮಾಮಾನಿಗೆ ಪತ್ರ ಬರೆದೆ. ಮುಂದಿನ ಶನಿವಾರ ಮಧ್ಯಾಹ್ನ, ಅಂಗಡಿ ತುಂಬಿದ್ದ ಹೊತ್ತು ನೋಡಿ ಇಬ್ಬರೂ ಹೋದೆವು. ಮಾಲಕ ನನ್ನನ್ನು ಕಂಡು, “ಬರ್ರಿ ಅಕ್ಕಾರ, ಗುಂಡ ಯಾವ ಕಡಿಯಿಂದ ಬರತೈತಿ, ಗೊತ್ತಾತಿಲ್ಲೋ?” ಎಂದ.

“ಗೊತ್ತಾತ್ರಿ. ಮೂರು ಪೀಸ್ ತೋರಸ್ರಿ.”

ಗಾಜಿನ ಕಟ್ಟೆಯ ಮೇಲೆ, ಎಲ್ಲರ ಎದುರು, ಅವನು ಕಲಿಸಿದ ಪ್ರಕಾರವೇ ನೋಡಿದೆ. ಗಟ್ಟಿಯಾಗಿ ಹೇಳುತ್ತ ಹೋದೆ. ಇದರ ಎರಡನೇ ಮನೆಯಲ್ಲಿ ಕಪ್ಪು ಗೆರೆ. ಇದರ ಸಂದಿ ಒಂದು ಕಡೆ ಅಗಲ. ಇದರ ಸ್ಕ್ರೂ ಮೊದಲೇ ಬಿಚ್ಚಿದ್ದಾರೆ. ಇನ್ನೂ ಮೂರು ತರಿಸಿದೆ. ಆರರಲ್ಲಿ ನಾಲ್ಕು ಬೇಡವೆಂದೆ. ಗಿರಾಕಿಗಳು ಸುತ್ತ ಕೂಡಿದರು. ಮಿಸ್ತ್ರಿ ಒಳಬಾಗಿಲಿಗೆ ಬಂದು ನಿಂತಿದ್ದ. ಶಿಷ್ಯೆಯನ್ನು ನೋಡುವ ಹೆಮ್ಮೆ ಅವನ ಮುಖದಲ್ಲಿತ್ತು. ಅದನ್ನೇ ನಾನು ಕಾಯುತ್ತಿದ್ದೆ. ಚೀಲದಿಂದ ಹಳೆಯ ಪೆಟ್ಟಿಗೆ ತೆಗೆದು, ಮುಚ್ಚಳ ತೆರೆದು, ಕಟ್ಟೆಯ ಮೇಲಿಟ್ಟೆ.

“ಕಾಕಾ, ಇದನ್ನಷ್ಟು ಎಲ್ಲಾರಿಗೂ ಓದಿ ಹೇಳ್ರಿ. ನಾನು ಖಾನಾಪುರದ ಹಂಚಿನ ಭಟ್ಟಿಯವರ ಮಗಳು.”

ಮಾಲಕನಿಗೆ ಮೊದಲು ಅರ್ಥವಾಯಿತು. “ಏನೈತಿ ಅದರಾಗ? ಊರ ಹೆಸರು! ಖಾನಾಪುರದ ಗಿರಾಕಿ ಅಂತ ಬರದಿರ್ತಾರ. ಹೌದಿಲ್ಲೋ ಮಿಸ್ತ್ರಿ?”

ತಪ್ಪಿಸಿಕೊಳ್ಳುವ ದಾರಿ ಅವನ ಕಾಲ ಬಳಿಗೇ ಬಂದಿತ್ತು. ‘ಹೌದು’ ಎಂದಿದ್ದರೆ ನನ್ನ ಬಳಿ ಬೇರೇನೂ ಇರಲಿಲ್ಲ. ಅವನು ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

“ಊರ ಹೆಸರಲ್ರಿ,” ಎಂದ. “ಇದರ ಚಕ್ರದಾಗ ಒಂದ ಮನೀ ಗ್ವಾಡಿ ತೆಳ್ಳಗಿತ್ತು. ನಾನ ಅಳದೇನಿ. ನಾನ ಬರದೇನಿ. ಖಾನಾಪುರಕ್ಕ ನಡೀತೈತಿ ಅಂತ.”

ರಿಪೇರಿಗೆ ಕೊಟ್ಟ ಬಂದೂಕು ಒಯ್ಯಲು ಬಂದಿದ್ದ ಕಣಕುಂಬಿಯ ಮುದುಕನೊಬ್ಬ ತನ್ನ ಪೆಟ್ಟಿಗೆಯನ್ನು ತಿರುಗಿಸಿ, ಮುಚ್ಚಳ ತೆರೆದು, ಬೆಳಕಿಗೆ ಹಿಡಿದು ನೋಡತೊಡಗಿದ. ಅವನ ಹಿಂದೆ ಇನ್ನೊಬ್ಬ. ಮಾಲಕ ಬೆವರಿದ. ಆ ಕ್ಷಣದ ಸುಖವನ್ನು ನಾನು ಇಂದಿಗೂ ಅಲ್ಲಗಳೆಯುವುದಿಲ್ಲ.

ಮಾಮಾ ಕಾಗದ ತೆಗೆದರು. ಮಿಸ್ತ್ರಿ ಹೇಳಿದ್ದನ್ನೆಲ್ಲ ಬರೆಸಿ ಸಹಿ ಮಾಡಿದ, ಅಕ್ಷರ ನಡುಗಲಿಲ್ಲ. ಪೊಲೀಸರ ಕಾಗದದಲ್ಲಿದ್ದ ‘ತಾನೇ ಮದ್ದು ತುಂಬಿ’ ಎಂಬ ಮಾತು ಹೊರಟುಹೋಯಿತು. ಚಹಾದಂಗಡಿಯ ನಗು ನಿಂತಿತು. ಆದರೆ ಮಾಲಕ ಎಲ್ಲವನ್ನೂ ಮಿಸ್ತ್ರಿಯ ತಲೆಗೆ ಕಟ್ಟಿ, ಅವನನ್ನು ಅಂದೇ ಹೊರಗೆ ಹಾಕಿದ. ಅಂಗಡಿ ಹೊಸ ಬೋರ್ಡು ಹಾಕಿಕೊಂಡು ನಡೆಯಿತು. ನಾನು ಹಗೆ ಹಿಡಿದದ್ದು ಒಬ್ಬನ ಮೇಲೆ, ಪೆಟ್ಟು ಬಿದ್ದದ್ದು ಇನ್ನೊಬ್ಬನಿಗೆ. ಅವನಿಗೂ ಸಲ್ಲಬೇಕಾದದ್ದೇ, ಎಂದುಕೊಂಡೆ.

ಅಪ್ಪನಿಗೆ ಎಲ್ಲ ಹೇಳಿದೆ. ಅವರು ಎಡಗೈಯನ್ನು ಬಲಗೈಯಲ್ಲಿ ಮುಚ್ಚಿಕೊಂಡು ಕೇಳಿದರು.

“ಆಂವ ಸುಳ್ಳ ಹೇಳಬಹುದಿತ್ತಲ್ಲ?”

“ಹೇಳಬಹುದಿತ್ತು.”

“ಖರೇ ಹೇಳೂವಾಗ ಅವನ ದನಿ ಹೆಂಗಿತ್ತು?”

ಭಟ್ಟಿಯಲ್ಲಿ ಕೇಳಿದ ಹಾಗೆಯೇ ಕೇಳಿದರು. ನನ್ನ ಕಿವಿಯ ಮೇಲೆ ಅವರಿಗೆ ಅಷ್ಟು ಭರವಸೆ. “ಬೊದ್ದು ಇತ್ತಪ್ಪಾ,” ಎಂದೆ. ಅಪ್ಪ ತಲೆಯಾಡಿಸಿದರು. ಮತ್ತೆ ಆ ಮಿಸ್ತ್ರಿಯ ಮಾತು ಎತ್ತಲಿಲ್ಲ.

ಕೆಲವು ವರ್ಷಗಳ ನಂತರ ಕಾಲೇಜಿಗೆ ಮಿಸ್ತ್ರಿಯ ಸೊಸೆ ಬಂದು, ಮಾವ ತೀರಿಕೊಂಡರೆಂದೂ ಇದನ್ನು ನನಗೆ ಮುಟ್ಟಿಸಲು ಹೇಳಿದ್ದರೆಂದೂ ಒಂದು ಸಣ್ಣ ತಗಡಿನ ಡಬ್ಬಿ ಕೊಟ್ಟು ಹೋದಳು. ಒಳಗೆ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಆ ಉಕ್ಕಿನ ಪಟ್ಟಿಗಳು. ಮುಚ್ಚಳವನ್ನು ತಿರುಗಿಸಿ ನೋಡಿದೆ. ಒಳಗೂ ನೋಡಿದೆ. ಯಾವ ಅಕ್ಷರವೂ ಇರಲಿಲ್ಲ.

ಇವತ್ತು ಹೊಲಿಗೆ ಯಂತ್ರವನ್ನು ಹಾಗೇ ಬಿಟ್ಟು, ಅದರ ಖಾನೆಯಿಂದ ಆ ಡಬ್ಬಿ ತೆಗೆದೆ. ಪಟ್ಟಿಗಳ ಮೇಲೆ ತುಕ್ಕಿನ ಚುಕ್ಕೆಗಳು ಬಂದಿವೆ. ಒಂದೊಂದನ್ನೇ ಒರೆಸಿ ಎಣ್ಣೆ ಹಚ್ಚಿದೆ. ಕ್ಷಮಿಸಿದ್ದೇನೆಯೇ? ಇಲ್ಲ. ಅಪ್ಪನ ಅಂಗೈಯಿಂದ ಲಿಂಗ ಜಾರುವುದನ್ನು ಕಂಡ ಕಣ್ಣು ನನ್ನದು. ಆದರೆ ಅಪ್ಪನೂ ಹೋಗಿ ವರ್ಷವಾಯಿತು, ಭಟ್ಟಿ ತಣ್ಣಗಾಗಿದೆ, ಸದ್ದು ಹೇಗಿತ್ತೆಂದು ಕೇಳುವವರು ಯಾರೂ ಉಳಿದಿಲ್ಲ. ಹಂಚಿನ ವಿಷಯದಲ್ಲಿ ಅಪ್ಪನಿಗೆ ಒಮ್ಮೆಯೂ ತಪ್ಪು ಹೇಳದ ನಾನು ಮಿಸ್ತ್ರಿಯ ದನಿಯ ವಿಷಯದಲ್ಲಿ ಆ ಒಂದು ಸಲ ತಪ್ಪು ಹೇಳಿದೆ. ಬೇಕೆಂದೇ.

ಅವರ ದನಿ ಅಂದು ಕಂಚಿನ ಹಾಗೆ ಕೇಳಿತ್ತು.